ಮರಳಲ್ಲಿ ಗೂಟ ನಿಲ್ಲೋದಿಲ್ಲ: ಕಡಲ ದಂಡೆಯಲ್ಲಿ ಟೆಂಟ್ ಹಾಕುವುದು ಹೀಗೆ

ಬೇಸಿಗೆ ರಜೆಯಲ್ಲಿ ಕಡಲ ದಂಡೆಗೆ ಟೆಂಟ್ ತಂದ ಕುಟುಂಬಗಳನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರೆ ಸಾಕು, ಕೆಲಸ ಎಲ್ಲಿ ಕೆಡುತ್ತದೆ ಅಂತ ಗೊತ್ತಾಗುತ್ತದೆ. ಅಪ್ಪ ಕಲ್ಲು ತಗೊಂಡು ಗೂಟ ಹೊಡೆಯುತ್ತಾರೆ. ಎರಡೇ ಏಟಿಗೆ ಗೂಟ ಸಲೀಸಾಗಿ ಇಳಿಯುತ್ತದೆ. ಎಲ್ಲರಿಗೂ ಖುಷಿ. ಮಧ್ಯಾಹ್ನದ ಗಾಳಿ ಎದ್ದಾಗ ಅದೇ ಗೂಟ ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಆಮೇಲೆ ಮನೆಮಂದಿಯೆಲ್ಲ ಒಂದೊಂದು ಮೂಲೆ ಹಿಡಿದು ಕೂರುವುದೇ ರಜೆ.

ಟೆಂಟಿನ ಜೊತೆ ಬರುವ ಚೀಟಿ ಹುಲ್ಲು ನೆಲಕ್ಕೆ ಬರೆದದ್ದು. ಮರಳಿಗೆ ಬೇರೆ ಕ್ರಮವೇ ಬೇಕು. ಅದನ್ನೇ ಇಲ್ಲಿ ಜಾಸ್ತಿ ಹೇಳುತ್ತೇನೆ.

1. ದಿನ ನೋಡಿಕೊಂಡು ಹೊರಡಿ

ಮೊದಲು ಆ ದಂಡೆಯಲ್ಲಿ ರಾತ್ರಿ ಉಳಿಯಲು ಬಿಡುತ್ತಾರಾ ಅಂತ ವಿಚಾರಿಸಿ. ಆಮೆಗಳು ಮೊಟ್ಟೆ ಇಡುವ ದಂಡೆಯಾದರೆ ಆ ಕಾಲದಲ್ಲಿ ಹೋಗಲೇಬೇಡಿ. ನಿಮ್ಮ ಟಾರ್ಚ್ ಬೆಳಕಿಗೆ ಮರಿಗಳು ಕಡಲಿನ ದಿಕ್ಕು ತಪ್ಪುತ್ತವೆ.

ಆಮೇಲೆ ಚಂದ್ರನನ್ನು ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮುಂದಿನ ಒಂದೆರಡು ದಿನ ಉಬ್ಬರ ಎಲ್ಲಕ್ಕಿಂತ ಮೇಲಕ್ಕೆ ಬರುತ್ತದೆ, ಸೂರ್ಯ ಚಂದ್ರ ಎರಡೂ ಒಂದೇ ಗೆರೆಯಲ್ಲಿ ನಿಂತು ನೀರನ್ನು ಎಳೆಯುವುದರಿಂದ. ಅರ್ಧ ಚಂದ್ರ ಕಾಣುವ ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಸಣ್ಣದು. ಮಕ್ಕಳ ಜೊತೆ ಮೊದಲ ಸಲ ಹೋಗುವವರು ಅಷ್ಟಮಿಯನ್ನೇ ಆರಿಸಿಕೊಳ್ಳಿ. ಹುಣ್ಣಿಮೆ ಬೆಳದಿಂಗಳ ಆಸೆ ಆಮೇಲೆ ನೋಡಿಕೊಳ್ಳಬಹುದು.

ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ. ನಡುವೆ ಸುಮಾರು 12 ಗಂಟೆ 25 ನಿಮಿಷದ ಅಂತರ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ: ಇವತ್ತು ರಾತ್ರಿ ಹತ್ತಕ್ಕೆ ಇದ್ದರೆ ನಾಳೆ ಹನ್ನೊಂದರ ಹತ್ತಿರ. ಎರಡೂ ಒಂದೇ ಎತ್ತರ ಇರಬೇಕು ಅಂತಿಲ್ಲ. ಮಧ್ಯಾಹ್ನದ ನೀರು ಎಲ್ಲಿಯವರೆಗೆ ಬಂತು ಅಂತ ನೋಡಿ ಧೈರ್ಯ ತಂದುಕೊಂಡವರು ರಾತ್ರಿ ಒದ್ದೆ ಹಾಸಿಗೆ ಹೊತ್ತು ಓಡುವುದು ಇದೇ ಕಾರಣಕ್ಕೆ.

2. ಜಾಗ

ದಂಡೆಯ ಉದ್ದಕ್ಕೂ ಒಣಗಿದ ಕಡಲಪಾಚಿ, ಕಡ್ಡಿ, ಚಿಪ್ಪು, ಬಾಟಲಿ ಮುಚ್ಚಳ ಎಲ್ಲ ಸೇರಿ ಒಂದು ಗೆರೆ ಇರುತ್ತದೆ. ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಕೆಲವು ಕಡೆ ಇಂಥ ಗೆರೆ ಎರಡು ಮೂರು ಇರುತ್ತವೆ. ಜನ ಕೆಳಗಿನ ಗೆರೆ ನೋಡಿ ಸಮಾಧಾನ ಪಡುತ್ತಾರೆ. ಲೆಕ್ಕಕ್ಕೆ ಬರುವುದು ಎಲ್ಲಕ್ಕಿಂತ ಮೇಲಿನದು. ಅದನ್ನೂ ದಾಟಿ ಇನ್ನಷ್ಟು ಮೇಲೆ ಟೆಂಟ್ ಹಾಕಿ. ಮರಳನ್ನು ಕೈಯಿಂದ ಒಂದು ಗೇಣು ತೋಡಿ. ತಳದಲ್ಲಿ ನೀರು ಒಸರಿದರೆ ಜಾಗ ಬದಲಿಸಿ.

ಮರಳುದಿಬ್ಬದ ಮೇಲೆ ಬೇಡ. ಅಲ್ಲಿನ ಬಳ್ಳಿ, ಹುಲ್ಲು ದಿಬ್ಬವನ್ನು ಹಿಡಿದಿಟ್ಟಿರುತ್ತವೆ. ತುಳಿದರೆ ಸಾಯುತ್ತವೆ, ಆಮೇಲೆ ದಿಬ್ಬವನ್ನು ಗಾಳಿ ತಿನ್ನುತ್ತದೆ. ಹೊಳೆ ಕಡಲಿಗೆ ಸೇರುವ ಕಡೆ ಬೇಡ. ಕಡಿದಾದ ಬಂಡೆಯ ಬುಡದಲ್ಲಿ, ಒಣ ಕೊಂಬೆ ತೂಗುವ ಮರದ ಕೆಳಗೆ ಬೇಡ.

3. ಲಂಗರು ಹಾಕುವುದು

ಇಲ್ಲಿ ನಿಧಾನವಾಗಿ ಓದಿ.

ಒಣ ಮರಳಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ತೆಳ್ಳಗಿನ ಕಬ್ಬಿಣದ ಗೂಟವನ್ನು ಎಷ್ಟು ಆಳ ಹೊಡೆದರೂ ಅದರ ಸುತ್ತ ಇರುವುದು ಜಾರುವ ಕಣಗಳೇ. ಗಾಳಿ ಬಟ್ಟೆಯನ್ನು ಒಂದೇ ಸಮ ಎಳೆಯುವುದಿಲ್ಲ, ಜಗ್ಗಿ ಜಗ್ಗಿ ಬಿಡುತ್ತದೆ. ಪ್ರತಿ ಜಗ್ಗಿಗೂ ಗೂಟದ ತೂತು ಸ್ವಲ್ಪ ಅಗಲ ಆಗುತ್ತದೆ. ಹಾಗಾಗಿ ಚೂಪಾದ ವಸ್ತುವನ್ನು ಇಳಿಸುವುದು ಬಿಟ್ಟು ಅಗಲವಾದ ವಸ್ತುವನ್ನು ಅಡ್ಡಲಾಗಿ ಹೂಳಬೇಕು. ಆಗ ಅದರ ಮೇಲಿರುವ ಮರಳಿನ ಭಾರವೇ ಟೆಂಟನ್ನು ಹಿಡಿಯುತ್ತದೆ.

ಬೇಕಾದದ್ದು ಗಟ್ಟಿ ಬಟ್ಟೆಯ ಚೀಲಗಳು. ಹಳೇ ದಿಂಬಿನ ಕವರ್ ಆದರೂ ನಡೆಯುತ್ತದೆ. ಟೆಂಟಿನ ಪ್ರತಿ ಹಗ್ಗಕ್ಕೆ ಒಂದು, ಮೇಲೆ ಒಂದೆರಡು ಜಾಸ್ತಿ. ಪ್ಲಾಸ್ಟಿಕ್ ಕವರ್ ಬೇಡ. ಹರಿಯುತ್ತದೆ, ಹರಿದ ಚೂರು ಕಡಲಿಗೆ ಹೋಗುತ್ತದೆ. ಒಂದು ಸಲಿಕೆಯೂ ಬೇಕು. ಮಕ್ಕಳ ಆಟದ ಸಲಿಕೆಯಲ್ಲಿ ಇದನ್ನು ಮಾಡುತ್ತೇನೆ ಅಂತ ಹೊರಟರೆ ಕತ್ತಲಾಗುತ್ತದೆ.

ಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ. ಈಗ ಒಂದು ಗಟ್ಟಿ ಹಗ್ಗವನ್ನು ಚೀಲದ ನಡುವಿಗೆ ಸುತ್ತಿ ಗಂಟು ಹಾಕಿ. ಹೆಚ್ಚಿನವರು ಹಗ್ಗವನ್ನು ಚೀಲದ ಬಾಯಿಗೇ ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಗಾಳಿ ಎಳೆದಾಗ ಚೀಲ ಉದ್ದುದ್ದವಾಗಿ ತಿರುಗಿ ಮೂತಿ ಮೇಲೆ ಮಾಡಿಕೊಂಡು ಹೊರಗೆ ಬರುತ್ತದೆ. ನಡುವಿಗೆ ಕಟ್ಟಿದರೆ ಅಡ್ಡವಾಗಿಯೇ ಮಲಗಿರುತ್ತದೆ.

ಒಂದು ಮೊಳ ಆಳದ ಗುಂಡಿ ತೋಡಿ. ಟೆಂಟಿನ ಹಗ್ಗ ಬರುವ ದಿಕ್ಕಿಗೆ ಅಡ್ಡಲಾಗಿ ಚೀಲವನ್ನು ತಳದಲ್ಲಿ ಮಲಗಿಸಿ. ಈಗ ಬರುವುದೇ ಎಲ್ಲರೂ ಬಿಡುವ ಕೆಲಸ: ಗುಂಡಿಯಿಂದ ಟೆಂಟಿನ ಕಡೆಗೆ ಹಗ್ಗ ಇಳಿಜಾರಾಗಿ ಮೇಲೆ ಬರಲು ಸಲಿಕೆಯ ಅಂಚಿನಲ್ಲಿ ಒಂದು ಸಪೂರ ಸಂದು ಕೊರೆಯಿರಿ. ಸಂದು ಇಲ್ಲದಿದ್ದರೆ ಹಗ್ಗ ಗುಂಡಿಯ ಅಂಚಿಗೆ ತಾಗಿ ನೆಟ್ಟಗೆ ಮೇಲಕ್ಕೆ ಬರುತ್ತದೆ. ಆಗ ಗಾಳಿಯ ಎಳೆತ ಚೀಲವನ್ನು ಮೇಲಕ್ಕೇ ಎತ್ತುತ್ತದೆ. ಹಗ್ಗ ಓರೆಯಾಗಿ ಬಂದರೆ ಚೀಲ ಮುಂದಿನ ಮರಳಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಟೆಂಟಿನಲ್ಲಿ ಹಗ್ಗ ಕಟ್ಟುವ ಜಾಗ ನೆಲದಿಂದ ಎಷ್ಟು ಎತ್ತರವೋ ಕಡಿಮೆ ಅಂದರೂ ಅಷ್ಟು ದೂರದಲ್ಲಿ ಗುಂಡಿ ಇರಬೇಕು. ಇನ್ನೂ ದೂರ ಇದ್ದರೆ ಒಳ್ಳೆಯದು.

ಚೀಲಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಕುಣಿಕೆ ಮಾಡಿ ನೆಲದ ಮೇಲೆ ಬಿಡಿ. ಟೆಂಟಿನ ಹಗ್ಗವನ್ನು ಆ ಕುಣಿಕೆಗೆ ಕಟ್ಟಿ. ಟೆಂಟಿನ ಹಗ್ಗವನ್ನೇ ಹೂತರೆ ರಾತ್ರಿ ಅದು ಸಡಿಲ ಆದಾಗ ಬಿಗಿ ಮಾಡಲು ಗುಂಡಿ ಅಗೆಯಬೇಕಾಗುತ್ತದೆ.

ಇನ್ನು ಮುಚ್ಚುವುದು. ಅರ್ಧ ಮುಚ್ಚಿ ತುಳಿಯಿರಿ. ಒಂದು ಬಕೆಟ್ ಕಡಲ ನೀರು ಹೊಯ್ಯಿರಿ. ಉಳಿದರ್ಧ ಮುಚ್ಚಿ ಮತ್ತೆ ತುಳಿದು ಮತ್ತೆ ನೀರು ಹಾಕಿ. ಒದ್ದೆ ಮರಳಿನ ಕಣಗಳನ್ನು ನಡುವಿನ ನೀರೇ ಅಂಟಿಸಿ ಹಿಡಿಯುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ, ತುಳಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೊನೆಗೆ ಕುಣಿಕೆ ಹಿಡಿದು, ಹಗ್ಗದ ಓರೆಯಲ್ಲೇ, ಮೈಭಾರ ಹಾಕಿ ಹಿಂದಕ್ಕೆ ವಾಲಿ. ಮರಳಿನ ಮೇಲ್ಮೈ ಉಬ್ಬಿ ಬಿರುಕು ಬಿಟ್ಟರೆ ಆಳ ಸಾಲದು. ಅಗೆದು ಮತ್ತೆ ಹೂಳಿ.

ಕ್ರಮವೂ ಮುಖ್ಯ. ಗಾಳಿ ಬರುವ ಕಡೆಯ ಎರಡು ಚೀಲ ಹೂತಾದ ಮೇಲೆಯೇ ಟೆಂಟನ್ನು ಚೀಲದಿಂದ ಹೊರಗೆ ತೆಗೆಯಿರಿ. ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಆ ಕಡೆಯ ಮೂಲೆಗಳನ್ನು ಕಟ್ಟಿ, ಆಮೇಲೆ ಕೋಲು ಹಾಕಿ. ಕೋಲು ಮೊದಲು ಹಾಕಿದ ಟೆಂಟ್ ಗಾಳಿಪಟವೇ. ಟೆಂಟಿನ ಸಪೂರ ಬದಿ ಗಾಳಿಗೆ ಎದುರಾಗಿರಲಿ.

ಕಡಲ ಕಡೆಗೆ ಮಾತ್ರ ಬಲವಾಗಿ ಕಟ್ಟಿ, ಹಿಂದೆ ಎರಡು ಗೂಟ ಚುಚ್ಚಿ ಬಿಡುವವರು ಬಹಳ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ಬರುತ್ತದೆ ನಿಜ. ರಾತ್ರಿ ನೆಲ ತಣ್ಣಗಾಗಿ ಗಾಳಿ ತಿರುಗುತ್ತದೆ, ನೆಲದಿಂದ ಕಡಲಿಗೆ ಬೀಸುತ್ತದೆ. ನಾಲ್ಕೂ ಕಡೆ ಅಷ್ಟೇ ಬಲವಾಗಿ ಹೂಳಿ. ಮಲಗುವ ಮುಂಚೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನೈಲಾನ್ ಬಟ್ಟೆ ಇಬ್ಬನಿಗೆ ಹಿಗ್ಗುತ್ತದೆ. ಪ್ರತಿ ಹಗ್ಗಕ್ಕೂ ಬಿಳಿ ಬಟ್ಟೆಯ ಚೂರು ಕಟ್ಟಿ, ಇಲ್ಲದಿದ್ದರೆ ರಾತ್ರಿ ಮೂತ್ರಕ್ಕೆ ಎದ್ದವರು ಎಡವಿ ಬೀಳುತ್ತಾರೆ.

ಸುಲಭದ ದಾರಿ ಇಲ್ಲವಾ ಅಂತ ಕೇಳುವವರಿಗೆ: ಟೆಂಟಿನ ಒಳಗೆ ಬ್ಯಾಗ್ ಪೇರಿಸಿದರೆ ತಳ ನಿಲ್ಲುತ್ತದೆ, ಕೋಲು ಮುರಿಯುತ್ತದೆ. ತಿರುಪಿನ ಹಾಗಿರುವ ಪ್ಲಾಸ್ಟಿಕ್ ಗೂಟ ಉದ್ದವಿದ್ದರೆ ಪರವಾಗಿಲ್ಲ, ಗೇಣುದ್ದದ್ದು ಬರೀ ಆಟಿಕೆ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ಹಗಲು ನೆರಳಿಗೆ ಸರಿ, ರಾತ್ರಿಗೆ ನಂಬಬೇಡಿ. ಇನ್ನು ಕಾರಿನ ಬಂಪರಿಗೆ ಹಗ್ಗ ಕಟ್ಟುವವರೂ ಇದ್ದಾರೆ. ಬೆಳಿಗ್ಗೆ ಹಾಲು ತರಲು ಅದೇ ಕಾರು ಹೊರಡುತ್ತದೆ, ಅಲ್ವಾ?

4. ನೆರಳು

ಬೇಸಿಗೆಯ ಹಗಲಲ್ಲಿ ಮುಚ್ಚಿದ ಟೆಂಟಿನ ಒಳಗೆ ಮಗುವನ್ನು ಮಲಗಿಸಬೇಡಿ, ಒಳಗಿನ ಸೆಕೆ ಬಹಳ ಬೇಗ ಏರುತ್ತದೆ. ಒಂದು ಟಾರ್ಪಾಲನ್ನು ಬೇರೆಯೇ ಕಟ್ಟಿ. ಲಂಗರು ಹಿಂದಿನ ಹಾಗೇ.

5. ಮರಳು ಒಳಗೆ ಬಾರದ ಹಾಗೆ

ಬಾಗಿಲಲ್ಲಿ ಒಂದು ಬೇಸನ್ ನೀರು, ಒಂದು ಚಾಪೆ. ಚಪ್ಪಲಿ ಹೊರಗೆ. ಒದ್ದೆ ಕಾಲಿನ ಮರಳನ್ನು ಉಜ್ಜಬೇಡಿ, ಒಣಗಲು ಬಿಟ್ಟು ಸ್ವಲ್ಪ ಕಾರ್ನ್‌ಫ್ಲೋರ್ ಸವರಿದರೆ ತಾನಾಗಿ ಉದುರುತ್ತದೆ. ಆದರೂ ಹಾಸಿಗೆಯಲ್ಲಿ ಮರಳು ಇರುತ್ತದೆ. ಒಗ್ಗಿಕೊಳ್ಳಿ.

6. ನೀರು, ಊಟ, ಒಲೆ

ಕುಡಿಯಲಿಕ್ಕೇ ತಲೆಗೆ ದಿನಕ್ಕೆ 3ರಿಂದ 4 ಲೀಟರ್ ಲೆಕ್ಕ ಇಟ್ಟುಕೊಳ್ಳಿ, ಅಡುಗೆ ಮತ್ತು ತೊಳೆಯುವ ನೀರು ಬೇರೆ. ಐಸ್ ಚೂರು ಕೊಳ್ಳುವ ಬದಲು ಮನೆಯಲ್ಲೇ ನೀರಿನ ಬಾಟಲಿಗಳನ್ನು ಗಟ್ಟಿ ಮಾಡಿ ತನ್ನಿ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಕರಗಿದರೆ ಕುಡಿಯಬಹುದು. ಪಾನೀಯಕ್ಕೆ ಒಂದು ಪೆಟ್ಟಿಗೆ, ಊಟಕ್ಕೆ ಇನ್ನೊಂದು. ಒಂದೇ ಆದರೆ ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಊಟ ಕೆಡಿಸುತ್ತಾರೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ.

ಗಾಳಿ ಜಾಸ್ತಿ ಅಂತ ಒಲೆಯನ್ನು ಟೆಂಟಿನ ಒಳಗೆ ತರಬೇಡಿ. ಬೆಂಕಿ ಹತ್ತುವ ಭಯ ಒಂದು ಕಡೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಆರುತ್ತಿರುವ ಇದ್ದಲಿಗೂ ಇದೇ ಮಾತು.

7. ಮಕ್ಕಳು ಮತ್ತು ನೀರು

ನೀರಿಗಿಳಿಯುವ ಮೊದಲು ಸ್ವಲ್ಪ ಎತ್ತರದಲ್ಲಿ ನಿಂತು ಅಲೆಗಳನ್ನು ನೋಡಿ. ಎಡಕ್ಕೂ ಬಲಕ್ಕೂ ಅಲೆ ಒಡೆದು ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಂಡರೆ ಅಲ್ಲಿ ಸೆಳೆತ ಇದೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಮಕ್ಕಳನ್ನು ಆಡಿಸಲು ಜನ ಆರಿಸಿಕೊಳ್ಳುವುದು ಅದನ್ನೇ, ಅಲೆ ಕಡಿಮೆ ಅಂತ! ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ತೇಲುತ್ತ ಕೈ ಎತ್ತಿ ಕೂಗಿ. ಆಗುವುದಾದರೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಗೆ ಬಂದು, ಆಮೇಲೆ ದಡಕ್ಕೆ ತಿರುಗಿ. ದಡದಲ್ಲಿದ್ದವರು ಹಿಂದೆಯೇ ಹಾರಬೇಡಿ. ತೇಲುವ ವಸ್ತು ಏನಾದರೂ ಎಸೆಯಿರಿ, ಜನ ಕರೆಯಿರಿ.

ಗಾಳಿ ತುಂಬಿದ ಬಾತುಕೋಳಿ, ಹಾಸಿಗೆ ಕಡಲಿಗೆ ಬೇಡವೇ ಬೇಡ. ಬೆಳಗಿನ ಹೊತ್ತು ನೀರು ಶಾಂತವಾಗಿ ಕಾಣುತ್ತದೆ, ಆದರೆ ಆಗ ಗಾಳಿ ನೆಲದಿಂದ ಕಡಲಿಗೆ. ಮಗು ಸಮೇತ ಒಳಕ್ಕೆ ಹೋಗುತ್ತದೆ.

ಕಾವಲಿಗೆ ಒಬ್ಬರನ್ನು ಹೆಸರು ಹಿಡಿದು ಹೇಳಿ ನಿಲ್ಲಿಸಿ, ಕೈಯಲ್ಲಿ ಫೋನ್ ಇಲ್ಲದೆ. "ಎಲ್ಲರೂ ನೋಡ್ತಾ ಇದ್ದೀವಿ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಮಕ್ಕಳು ಆಟಕ್ಕೆ ಮರಳಲ್ಲಿ ತೋಡುವ ಗುಂಡಿ ಎಲ್ಲರಿಗಿಂತ ಚಿಕ್ಕ ಮಗುವಿನ ಮೊಣಕಾಲು ದಾಟಬಾರದು. ಗೋಡೆ ಕುಸಿದರೆ ಒಳಗಿದ್ದವರನ್ನು ಎಳೆಯುವುದು ದೊಡ್ಡವರಿಗೂ ಕಷ್ಟ. ಸುರಂಗ ತೋಡಲು ಬಿಡಲೇಬೇಡಿ.

8. ಬೆಂಕಿ

ಹಾಕಲು ಬಿಡುವ ಜಾಗದಲ್ಲಿ ಮಾತ್ರ ಹಾಕಿ. ಆರಿಸುವಾಗ ಮರಳು ಮುಚ್ಚಬೇಡಿ. ಮರಳಿನ ಅಡಿಯಲ್ಲಿ ಕೆಂಡ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ, ಬರಿಗಾಲಿನ ಮಗು ಅಲ್ಲೇ ಕಾಲಿಡುತ್ತದೆ. ನೀರು ಹೊಯ್ದು, ಕದಡಿ, ಮತ್ತೆ ಹೊಯ್ಯಿರಿ, ಹೊಗೆ ನಿಲ್ಲುವವರೆಗೆ.

9. ಬಿಚ್ಚುವುದು, ತೊಳೆಯುವುದು

ಹೊರಡುವಾಗ ಚೀಲಗಳನ್ನು ಎಣಿಸಿ. ಹೂತದ್ದೆಲ್ಲ ಮೇಲೆ ಬರಬೇಕು. ಮರಳನ್ನು ಅಲ್ಲೇ ಸುರಿದು ಗುಂಡಿ ಮುಚ್ಚಿ.

ಮನೆಗೆ ಬಂದ ದಿನವೇ ಟೆಂಟನ್ನು ಸಿಹಿನೀರಲ್ಲಿ ತೊಳೆಯಿರಿ, ವಾಷಿಂಗ್ ಮಷೀನಿಗೆ ಹಾಕಬೇಡಿ, ಒಳಗಿನ ಲೇಪ ಕಿತ್ತು ಬರುತ್ತದೆ. ಕೋಲುಗಳನ್ನು ಜೋಡಣೆ ಬಿಚ್ಚಿ ಒಂದೊಂದಾಗಿ ತೊಳೆದು ಒರೆಸಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಮಡಚಿ, ಹೊಲಿಗೆಯಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಜಿಪ್ಪಿನ ಹಲ್ಲಲ್ಲಿ ಮರಳಿರುವಾಗ ಎಳೆಯಬೇಡಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರು ಬಿಟ್ಟು, ಒಣಗಿದ ಮೇಲೆ ಮೇಣದಬತ್ತಿಯ ಚೂರನ್ನು ಎರಡೂ ಬದಿಗೆ ತಿಕ್ಕಿ, ಆಮೇಲೆ ಒಮ್ಮೆ ಪೂರ್ತಿ ಎಳೆದು ನೋಡಿ.