ಇಂಟೀರಿಯರ್ ಡ್ರಾಯಿಂಗ್ ಸೆಟ್ ನಾನು ಹೆಂಗೆ ಜೋಡಿಸ್ತೀನಿ

ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ನಂದು, ಹೆಚ್ಚಾಗಿ ಮನೆಗಳೇ, ಎಂಸಿಸಿ ಬಿ ಬ್ಲಾಕು, ವಿದ್ಯಾನಗರ, ಶಾಮನೂರು ರಸ್ತೆ ಕಡೆ. ಹೊಸದಾಗಿ ಫೀಲ್ಡಿಗೆ ಬಂದ ಹುಡುಗರು ಸಿಕ್ಕಿದ್ರೆ ಮೊದಲು ಕೇಳೋದು 3ಡಿ ಯಾವ ಸಾಫ್ಟ್‌ವೇರಲ್ಲಿ ಮಾಡ್ತೀರಿ ಅಂತ. 3ಡಿ ನೋಡಿ ಕ್ಲೈಂಟು ಖುಷಿ ಆಗ್ತಾರೆ ನಿಜ, ಆದ್ರೆ ಅದನ್ನ ಇಟ್ಕೊಂಡು ಕಾರ್ಪೆಂಟರು ಒಂದು ಪ್ಲೈ ಶೀಟೂ ಕಟ್ ಮಾಡೋಕಾಗಲ್ಲ. ಮನೆ ನಿಲ್ಲೋದು ವರ್ಕಿಂಗ್ ಡ್ರಾಯಿಂಗ್ ಮೇಲೆ, ಅಂದ್ರೆ ಸೈಟಲ್ಲಿ ನೋಡ್ಕೊಂಡು ಕೆಲಸ ಮಾಡೋಕೆ ಅಳತೆ ಸಮೇತ ಬರೆದ ಹಾಳೆಗಳ ಮೇಲೆ. ಅದನ್ನ ನಾನು ಜೋಡಿಸೋದು ಈ ಹಾಳೆ ಸೈಟಲ್ಲಿ ಯಾರ ಕೈಗೆ ಹೋಗುತ್ತೆ ಅನ್ನೋ ಲೆಕ್ಕದಲ್ಲಿ. ಎಲೆಕ್ಟ್ರಿಷಿಯನ್ನಿಗೆ ಸೋಫಾ ಬಟ್ಟೆ ಬಣ್ಣ ಬೇಡ, ಟೈಲ್ಸ್ ಮೇಸ್ತ್ರಿಗೆ ವಾರ್ಡ್‌ರೋಬ್ ಒಳಗಿನ ಖಾನೆ ಬೇಡ, ಅವರವರಿಗೆ ಬೇಕಾಗಿದ್ದಷ್ಟು ಅವರವರ ಹಾಳೆಯಲ್ಲಿ ಇದ್ರೆ ಸಾಕು.

ಅಳತೆಗೆ ಲೇಸರ್ ಮೀಟರ್ ಜೊತೆ ಒಂದು ಉಕ್ಕಿನ ಟೇಪೂ ಇರಲಿ. ಪ್ರತಿ ರೂಮಿನ ಅಗಲ ನೆಲದ ಹತ್ರ ಒಂದ್ಸಲ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಅಡ್ಡ ತೊಲೆ) ಎತ್ತರಕ್ಕೆ ಒಂದ್ಸಲ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ. ಎರಡೂ ಕರ್ಣ ಸಮ ಬರೋ ರೂಮು ಅಪರೂಪ, ಪಿಜೆ ಬಡಾವಣೆಯ ಹಳೇ ಮನೆಗಳಲ್ಲಂತೂ ಗೋಡೆ ಗೋಡೆಗೂ ಪ್ಲಾಸ್ಟರ್ ದಪ್ಪ ಬೇರೆ ಬೇರೆ. ಬಾಗಿಲಲ್ಲಿ ನಿಂತು ಎಡಗಡೆ ಗೋಡೆಯಿಂದ ಗಡಿಯಾರ ತಿರುಗೋ ದಿಕ್ಕಿಗೆ ಎ, ಬಿ, ಸಿ, ಡಿ ಅಂತ ಹೆಸರು ಹಾಕ್ತೀನಿ, ಕೊನೆವರೆಗೂ ಆ ಗೋಡೆಗೆ ಅದೇ ಹೆಸರು. ಬೀಮ್ ಎಷ್ಟು ಇಳಿದಿದೆ, ಕಿಟಕಿ ತಳ ಎಷ್ಟು ಎತ್ತರ, ಸಿಂಕ್ ಔಟ್‌ಲೆಟ್ ಎಲ್ಲಿದೆ, ಇದೆಲ್ಲ ಅವತ್ತೇ ಬರ್ಕೋಬೇಕು.

ಈ ಅಳತೆಯಿಂದ ಒಂದು ಬೇಸ್ ಪ್ಲಾನ್ ಮಾಡಿ ಬೇರೆ ಫೈಲಲ್ಲಿ ಇಡ್ತೀನಿ, ಆಟೋಕ್ಯಾಡಲ್ಲಿ ಉಳಿದ ಎಲ್ಲಾ ಪ್ಲಾನಿಗೂ ಅದನ್ನೇ ಎಕ್ಸ್‌ರೆಫ್ ಮಾಡೋದು, ಅಂದ್ರೆ ಕಾಪಿ ಮಾಡದೆ ಲಿಂಕ್ ಮಾಡೋದು. ನಾಳೆ ಒಂದು ಗೋಡೆ ಒಡೆದ್ರು ಅಂದ್ರೆ ಬೇಸ್ ಒಂದರಲ್ಲಿ ತಿದ್ದಿದ್ರೆ ಫರ್ನಿಚರ್, ಸೀಲಿಂಗ್, ಎಲೆಕ್ಟ್ರಿಕಲ್, ಫ್ಲೋರಿಂಗ್ ಎಲ್ಲದರಲ್ಲೂ ಬದಲಾಗುತ್ತೆ. ಫರ್ನಿಚರ್ ಲೇಔಟಿಗೆ ಮನೆಯವರ ಸಹಿ ಬೀಳೋವರೆಗೂ ಮುಂದಿನ ಹಾಳೆ ಮುಟ್ಟಲ್ಲ, ಯಾಕಂದ್ರೆ ದೇವರ ಮನೆ ಯಾವ ಮೂಲೆ ಅನ್ನೋದನ್ನ ಅಜ್ಜಿನ್ನ ಕೇಳದೇ ಫೈನಲ್ ಮಾಡಿದ್ರೆ ಅದು ಫೈನಲ್ಲೇ ಅಲ್ಲ. ಅಡುಗೆಮನೆಗೆ ಅವರ ಪಾತ್ರೆಗಳನ್ನೇ ಅಳೀತೀನಿ, ರೊಟ್ಟಿ ಹಂಚಿನ ಅಗಲ, ಮಂಡಕ್ಕಿ ಡಬ್ಬದ ಎತ್ತರ. ನಮ್ಮೂರಲ್ಲಿ ಮಂಡಕ್ಕಿ ಡಬ್ಬ ಹಿಡಿಸದ ಮಾಡ್ಯುಲರ್ ಕಿಚನ್ ಯಾರಿಗೆ ಬೇಕ್ರೀ.

ತಲೆ ಓಡಿಸಬೇಕಾದ್ದು ಎಲೆಕ್ಟ್ರಿಕಲ್ ಹಾಳೆಗೆ. ಸೈಟಿಗೆ ಮೊದಲು ಬರೋನು ಎಲೆಕ್ಟ್ರಿಷಿಯನ್, ಗೋಡೆ ಕೊರೆದು ಪೈಪ್ ಹಾಕೋನು, ಆದ್ರೆ ಅವನ ಪಾಯಿಂಟ್ (ಸ್ವಿಚ್, ಪ್ಲಗ್ ಬರೋ ಜಾಗ) ಎಲ್ಲಿ ಅಂತ ಗೊತ್ತಾಗೋದು ಕೊನೆಗೆ ಬರೋ ಕಾರ್ಪೆಂಟರಿನ ಎಲಿವೇಶನ್, ಅಂದ್ರೆ ಗೋಡೆಯನ್ನ ಎದುರಿಂದ ನೋಡಿದ ಚಿತ್ರ, ಬರೆದ ಮೇಲೆ. ಅದಕ್ಕೇ ನಾನು ಬರೆಯೋ ಕ್ರಮ ಬೇರೆ, ಸೈಟಿಗೆ ಕೊಡೋ ಕ್ರಮ ಬೇರೆ. ಮೊದಲು ಮಂಚದ ಹೆಡ್‌ಬೋರ್ಡು, ಸೈಡ್ ಟೇಬಲ್ಲು, ಟಿವಿ ಯೂನಿಟ್ಟು, ಕಿಚನ್ನು ಇವುಗಳ ಎಲಿವೇಶನ್ ಅಳತೆ ಸಮೇತ ಮುಗಿಸಿ, ಅದರ ಮೇಲೆ ಪಾಯಿಂಟ್ ಕೂರಿಸಿ, ಅಲ್ಲಿಂದ ಪ್ಲಾನಿಗೆ ತರ್ತೀನಿ. ಬಾಗಿಲ ಪಕ್ಕದ ಬೋರ್ಡು ನೆಲದಿಂದ 1200 ಮಿಮೀ, ಮಂಚದ ಪಕ್ಕದ್ದು 650 ಹತ್ರ, ಸೈಡ್ ಟೇಬಲ್ ಎತ್ತರ ನೋಡ್ಕೊಂಡು. ನೆಲ ಅಂದ್ರೆ ಟೈಲ್ಸ್ ಹಾಕಿದ ಮೇಲಿನ ನೆಲ, ಇದನ್ನ ಹಾಳೆ ಮೇಲೇ ದಪ್ಪಗೆ ಬರೀತೀನಿ, ಇಲ್ಲಾಂದ್ರೆ ಎರಡು ಇಂಚು ಅಲ್ಲೇ ಹೋಯ್ತು. ಟಿವಿ ಹಿಂದಿಂದ ಕೆಳಗಿನ ಯೂನಿಟ್ಟಿಗೆ ಎರಡು ಇಂಚಿನ ಖಾಲಿ ಪಿವಿಸಿ ಪೈಪು, ಎಚ್‌ಡಿಎಂಐ ಪ್ಲಗ್ ತೂರೋ ಹಾಗೆ ಬೆಂಡ್ ನಿಧಾನಕ್ಕೆ ತಿರುಗಿರಬೇಕು. ಚಿಮಣಿಗೆ 6 ಇಂಚಿನ ಡಕ್ಟ್ ತೂತು ಟೈಲ್ಸಿಗಿಂತ ಮೊದಲೇ ಆಗ್ಬೇಕು, ಹಾಗಾಗಿ ಅದು ಎಲೆಕ್ಟ್ರಿಕಲ್ ಹಾಳೆಯಲ್ಲೂ ಇರುತ್ತೆ ಟೈಲ್ಸ್ ಹಾಳೆಯಲ್ಲೂ ಇರುತ್ತೆ. ಪ್ರತಿ ಪಾಯಿಂಟಿಗೂ ಎರಡು ಅಳತೆ, ನೆಲದಿಂದ ಎಷ್ಟು, ಹತ್ತಿರದ ಗೋಡೆ ಮೂಲೆಯಿಂದ ಎಷ್ಟು. "ಪಾಯಿಂಟ್ ಎಲ್ಲೈತ್ರೀ ಸಾರ್" ಅಂತ ಫೋನ್ ಬಂತು ಅಂದ್ರೆ ಆ ಎರಡರಲ್ಲಿ ಒಂದು ಹಾಳೆ ಮೇಲೆ ಇಲ್ಲ ಅಂತಲೇ ಲೆಕ್ಕ.

ಸೀಲಿಂಗ್ ಪ್ಲಾನ್ ಅಂದ್ರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿದ ಹಾಗೆ, ಎಡ ಎಡಕ್ಕೇ ಇರುತ್ತೆ, ಬಲ ಬಲಕ್ಕೇ. ಜಿಪ್ಸಮ್ ಹುಡುಗರಿಗೆ ಇದನ್ನ ಮೊದಲೇ ಹೇಳಿಬಿಡಿ. ಲಾಫ್ಟ್ (ವಾರ್ಡ್‌ರೋಬ್ ಮೇಲಿನ ಅಟ್ಟ) ಶಟರ್ ತೆಗೆದಾಗ ಕೋವ್‌ಗೆ, ಅಂದ್ರೆ ಸೀಲಿಂಗ್ ಅಂಚಲ್ಲಿ ಲೈಟ್ ಅಡಗಿಸೋ ಪಟ್ಟಿಗೆ, ತಾಗಲ್ವಾ ಅಂತ ಒಂದು ಸೆಕ್ಷನ್ (ಅಡ್ಡ ಕೊಯ್ದು ನೋಡಿದ ಚಿತ್ರ) ಹಾಕಿ ನೋಡ್ಕೊಂಡ್ರೆ ಆಯ್ತು.

ಕಾರ್ಪೆಂಟರಿನ ಎಲಿವೇಶನ್ 1:20 ಸ್ಕೇಲಲ್ಲಿ, ಜೋಡಣೆ ತೋರ್ಸೋ ಡಿಟೇಲ್ 1:5ರಲ್ಲಿ, ಎಲ್ಲಾ ಎ3 ಹಾಳೆ. ಎ1 ದೊಡ್ಡ ಹಾಳೆ ಆಫೀಸಲ್ಲಿ ಚೆಂದ, ಸೈಟಲ್ಲಿ ಅದರ ಮೇಲೆ ಊಟದ ಡಬ್ಬ ಬರುತ್ತೆ. ರಾಜಸ್ಥಾನದಿಂದ ಬಂದ ಕಾರ್ಪೆಂಟರುಗಳು ಇಂಚು, ಸೂತ್ ಅಂತಾರೆ, ಎಂಟು ಸೂತಿಗೆ ಒಂದು ಇಂಚು. ಆದ್ರೂ ನಾನು ಬರೆಯೋದು ಮಿಮೀಯಲ್ಲೇ, ಡ್ರಾಯರ್ ಚಾನಲ್ಲು 450, 500 ಅಂತಲೇ ಬರೋದು, ಹಾಬ್ (ಕಟ್ಟೆಯಲ್ಲಿ ಹುದುಗಿಸೋ ಸ್ಟೋವ್) ಕಟೌಟೂ ಮಿಮೀಯಲ್ಲೇ ಕೊಟ್ಟಿರ್ತಾರೆ, ಟೇಪಲ್ಲಿ ಎರಡೂ ಇದ್ದೇ ಇದೆ. ದಪ್ಪದ ಲೆಕ್ಕ ಬಿಡಬಾರದು, 18ರ ಪ್ಲೈ, ಹೊರಗೆ 1 ಮಿಮೀ ಲ್ಯಾಮಿನೇಟ್, ಒಳಗೆ 0.8, ಅಂಟೂ ಸೇರಿ 20 ಅಂತ ಹಿಡೀರಿ. ಖಾನೆಯ ಒಳ ಅಗಲ ಎರಡೂ ಪಕ್ಕಕ್ಕೆ ಆ 20 ಕಳೆದ ಮೇಲೆ ಬರೋದು. ಪ್ಲೈ ಶೀಟ್ 8x4 ಅಡಿ, ಅಂದ್ರೆ ಶಟರ್ ಎತ್ತರ 2400 ಮಿಮೀ ದಾಟಬಾರದು, ಮೇಲಿನದು ಲಾಫ್ಟಿಗೆ ಬೇರೆ. ಎಲಿವೇಶನ್ ಮೇಲೆ ಲ್ಯಾಮಿನೇಟ್ ನಂಬರ್ ಬರೆಯಲ್ಲ, ಎಲ್1, ಎಲ್2 ಅಂತ ಕೋಡ್ ಅಷ್ಟೇ. ಆ ಶೇಡ್ ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದ್ರೆ ಯಾವ ಕೋಡಿಗೆ ಯಾವ ನಂಬರ್ ಅನ್ನೋ ಪಟ್ಟಿ ಇರೋ ಶೆಡ್ಯೂಲ್ ಹಾಳೆ ಒಂದರಲ್ಲಿ ತಿದ್ದಿದ್ರೆ ಮುಗೀತು. ಬಣ್ಣದ ಗೆರೆ ನಂಬಬೇಡಿ, ಸೈಟಿಗೆ ಹೋಗೋದು ಕಪ್ಪು ಬಿಳುಪು ಜೆರಾಕ್ಸ್, ಗೆರೆ ದಪ್ಪದಲ್ಲೇ ವ್ಯತ್ಯಾಸ ಕಾಣಬೇಕು.

ಹಾಳೆ ನಂಬರು 100ರಿಂದ ಲೇಔಟ್, 200 ಸೀಲಿಂಗ್ ಮತ್ತು ಎಲೆಕ್ಟ್ರಿಕಲ್, 300 ಪ್ಲಂಬಿಂಗ್ ಮತ್ತು ಟೈಲ್ಸ್, 400 ಎಲಿವೇಶನ್, 500 ಡಿಟೇಲ್. ಮಧ್ಯೆ ಹೊಸ ಹಾಳೆ ಬಂದ್ರೆ ಜಾಗ ಇರುತ್ತೆ. ಬದಲಾದ ಜಾಗಕ್ಕೆ ಮೋಡದ ಗೆರೆ ಸುತ್ತಿ ಆರ್1, ಆರ್2 (ಆರ್ ಅಂದ್ರೆ ರಿವಿಷನ್) ಅಂತ ತಾರೀಖಿನ ಜೊತೆ ಹಾಕ್ತೀನಿ, ವಾಟ್ಸಾಪಲ್ಲಿ ಕಳ್ಸೋ ಪಿಡಿಎಫ್ ಹೆಸರಲ್ಲೂ ಅದೇ. ಹೊಸ ಪ್ರಿಂಟ್ ಕೊಡುವಾಗ ಹಳೇದನ್ನ ಕೈಯಿಂದ ವಾಪಸ್ ಇಸ್ಕೊಂಡೇ ಬರ್ತೀನಿ, ಮೇಸ್ತ್ರಿ "ಇರ್ಲಿ ಬಿಡ್ರೀ, ಗೊತ್ತೈತಿ ನಂಗೆ" ಅಂದ್ರೂ.

ಗೋಡೆ ಕೊರೆದು ಹಾಕಿದ ಪೈಪು ಮುಚ್ಚೋಕೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೆದು, ನಿಜವಾಗಿ ಎಲ್ಲಿ ಹೋಗಿದೆ ಅಂತ ಹಾಳೆಯಲ್ಲಿ ತಿದ್ದಿ, ಕೆಲಸ ಮುಗಿದ ಮೇಲೆ ಮನೆಯವರಿಗೆ ಒಂದು ಸೆಟ್ ಕೊಡ್ತೀನಿ. ಇದಕ್ಕೆ ಬೇರೆ ದುಡ್ಡು ಕೇಳಲ್ಲ, ಆದ್ರೆ ಕೊಟೇಶನ್ನಲ್ಲಿ ಒಂದು ಸಾಲು ಬರೆದಿರ್ತೀನಿ, ಗೀಸರ್ ಪಕ್ಕ ಮೊಳೆ ಹೊಡೆಯೋ ಮುಂಚೆ ಹಾಳೆ 301 ನೋಡಿ ಅಂತ.