ಡಾಕ್ಟರ್ ಹೂ ವೇಷ ಬದಲಿಸಿದ ರಾತ್ರಿ ಏನು ಮಾಡಬೇಕು

ಮೊದಲು ಫೋನ್ ಕೆಳಗಿಡಿ. ಹೊಸ ಲೋಗೋ ಬಂದಿದೆ, ಇಲ್ಲಾ ಟಾರ್ಡಿಸ್ ಒಳಗಿನ ಹೊಸ ಸೆಟ್ಟಿನ ಫೋಟೋ ಬಂದಿದೆ, ಇಲ್ಲಾ ಹೊಸ ಡಾಕ್ಟರು ಯಾವುದೋ ಕೋಟು ಹಾಕಿಕೊಂಡು ನಿಂತಿದ್ದಾರೆ, ನಿಮ್ಮ ಹೊಟ್ಟೆಯಲ್ಲಿ ಸಂಕಟ ಶುರುವಾಗಿದೆ, ಗ್ರೂಪಿನಲ್ಲಿ "ಹಾಳು ಮಾಡಿಬಿಟ್ರು" ಅಂತ ಬರೆಯೋಕೆ ಬೆರಳು ತುರಿಸುತ್ತಿದೆ. ಗೊತ್ತು. ನಾನೂ ಬರೆದವನೇ. 2010ರಲ್ಲಿ ಬರೆದದ್ದನ್ನು ಇಬ್ಬರು ಗೆಳೆಯರು ಇವತ್ತಿಗೂ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಡಿಕೊಳ್ಳುತ್ತಾರೆ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಡಾಕ್ಟರ್ ಹೂ ಸೀರಿಯಲ್ ನೋಡದವರೂ ಓದುತ್ತಿದ್ದರೆ ಎರಡು ಮಾತು. ಬ್ರಿಟನ್ನಿನ ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾದದ್ದು. ಬೇರೆ ಲೋಕದಿಂದ ಬಂದ ಒಬ್ಬ ಡಾಕ್ಟರು, ನೀಲಿ ಬಣ್ಣದ ಹಳೇ ಪೊಲೀಸ್ ಬೂತಿನಂಥ ಪೆಟ್ಟಿಗೆಯಲ್ಲಿ ಕಾಲದ ಹಿಂದೆ ಮುಂದೆ ಓಡಾಡುತ್ತಾರೆ. ಆ ಪೆಟ್ಟಿಗೆಯೇ ಟಾರ್ಡಿಸ್. ಹೊರಗೆ ಚಿಕ್ಕದು, ಒಳಗೆ ಅರಮನೆ. ಸಾಯುವ ಹೊತ್ತಿಗೆ ಡಾಕ್ಟರು ಬೇರೆ ಮುಖ, ಬೇರೆ ಮೈ ಪಡೆದು ಎದ್ದು ಕೂರುತ್ತಾರೆ, ಅಂದರೆ ನಟ ಬದಲಾಗುತ್ತಾರೆ. ನಮ್ಮಮ್ಮನಿಗೆ ಮೊದಲ ಸಲ ಹೆಸರು ಹೇಳಿದಾಗ "ಹೂವಿನ ಡಾಕ್ಟರಾ? ಗುಲಾಬಿ ಗಿಡಕ್ಕೆ ಹುಳ ಬಿದ್ದಿದೆ, ಕೇಳು" ಅಂದಿದ್ದರು. ನಮ್ಮ ಮನೆಯಲ್ಲಿ ಇವತ್ತಿಗೂ ಅದು ಹೂವಿನ ಡಾಕ್ಟರೇ.

ಸರಿ, ಕೆಲಸಕ್ಕೆ ಬರೋಣ. ಒಂದು ಹಾಳೆ ತಗೊಳ್ಳಿ. ಅದರ ಮೇಲೆ ನೀವು "ಅಸಲಿ" ಅಂತ ಯಾವುದನ್ನು ಕರೆಯುತ್ತೀರೋ ಅದನ್ನು ಬರೆಯಿರಿ, ಪಕ್ಕದಲ್ಲಿ ಇಸವಿ ಬರೆಯಿರಿ. ಸುಳ್ಳು ಹೇಳಬೇಡಿ. ನನ್ನದು 2005ರ ಟಾರ್ಡಿಸ್, ಹವಳದಂಥ ಕಂಬಗಳು, ಮಂಕು ಹಳದಿ ಬೆಳಕು, ಒಳಗೆ ಡಾಕ್ಟರಾಗಿ ಡೇವಿಡ್ ಟೆನಂಟ್ ಓಡಾಡುತ್ತಿರಬೇಕು. ಈಗ ಅದರ ಹಿಂದೆ ಏನಿತ್ತು ಅಂತ ಹುಡುಕಿ. 1963ರಲ್ಲಿ ಪೀಟರ್ ಬ್ರಕಾಕಿ ಮಾಡಿದ ಮೊದಲ ಸೆಟ್ಟಿನಲ್ಲಿ ಹವಳವೂ ಇಲ್ಲ, ಹಳದಿ ಬೆಳಕೂ ಇಲ್ಲ. ಬೆಳ್ಳಗಿನ ಕೋಣೆ, ಗೋಡೆ ತುಂಬ ದುಂಡನೆಯ ಗುಳಿಗಳು, ನಡುವೆ ಆರು ಮೂಲೆಯ ಮೇಜು. ಹಾಗಾದರೆ 2005ರಲ್ಲಿ ಹಳೇ ಅಭಿಮಾನಿಗಳು ನನ್ನ ಅಸಲಿಯನ್ನು ನೋಡಿ "ಇದೇನು ಗುಹೆ ಥರ ಇದೆ" ಅಂದಿರಲೇಬೇಕು, ಅಲ್ವಾ? ಈ ಒಂದು ಕೆಲಸಕ್ಕೆ ಹತ್ತು ನಿಮಿಷ ಸಾಕು, ಅರ್ಧ ಕೋಪ ಅಲ್ಲೇ ಇಳಿಯುತ್ತದೆ.

ಲೋಗೋ ವಿಷಯದಲ್ಲಂತೂ ಇದು ಇನ್ನೂ ಮಜಾ. 2022ರ ಅಕ್ಟೋಬರ್‌ನಲ್ಲಿ ವಜ್ರದಾಕಾರದ ಲೋಗೋ ಬಂತು. "ಹೊಸ ಲೋಗೋ ಚೆನ್ನಾಗಿಲ್ಲ" ಅಂತ ಒಬ್ಬ ನನ್ನ ಹತ್ತಿರ ಅರ್ಧ ಗಂಟೆ ಗೋಳಾಡಿದ. ಅಯ್ಯೋ ಮಾರಾಯಾ, ಆ ವಜ್ರ 1973ರ ಡಿಸೆಂಬರ್‌ನಿಂದ 1980ರವರೆಗೆ ಇದ್ದದ್ದು, ಟಾಮ್ ಬೇಕರ್ ಡಾಕ್ಟರಾಗಿ ಉದ್ದದ ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದ ಕಾಲದ್ದು. ಅದನ್ನೇ ಒರೆಸಿ ಹೊಳಪು ಕೊಟ್ಟಿದ್ದಾರೆ ಅಷ್ಟೇ.

ಮುಂದಿನ ಕೆಲಸ ಸ್ವಲ್ಪ ಕಷ್ಟ. ನಿಂತ ಫೋಟೋ ನೋಡಿ ತೀರ್ಪು ಕೊಡಬೇಡಿ, ಅದು ಚಲಿಸುವುದನ್ನು ನೋಡುವವರೆಗೆ ಕಾಯಿರಿ. ಈ ಸೀರಿಯಲ್ಲಿನ ರೂಪ ಅನ್ನೋದು ಫೋಟೋಗಾಗಿ ಮಾಡಿದ್ದೇ ಅಲ್ಲ. ಮೊದಲ ಶೀರ್ಷಿಕೆ ದೃಶ್ಯವನ್ನೇ ತಗೊಳ್ಳಿ. ಬರ್ನಾರ್ಡ್ ಲಾಡ್ಜ್ ಮಾಡಿದ್ದು. ಕ್ಯಾಮೆರಾವನ್ನು ಅದೇ ಕ್ಯಾಮೆರಾದ ಚಿತ್ರ ಬರುತ್ತಿರುವ ಟೀವಿ ಪರದೆಗೆ ತಿರುಗಿಸಿ ಇಟ್ಟರೆ, ಚಿತ್ರದೊಳಗೆ ಚಿತ್ರ ಹುಟ್ಟಿ ಬಿಳೀ ಹೊಗೆಯ ಹಾಗೆ ಸುರುಳಿ ಸುತ್ತುತ್ತದೆ. ಕಟಿಂಗ್ ಶಾಪಿನಲ್ಲಿ ಎದುರುಬದುರು ಕನ್ನಡಿ ಇರುತ್ತಲ್ಲ, ಹಾಗೆ, ಆದರೆ ಜೀವ ಇರುವ ಕನ್ನಡಿ. ಅದರ ಒಂದು ಫ್ರೇಮ್ ತೆಗೆದು ನೋಡಿದರೆ ಏನೂ ಇಲ್ಲ, ಬರೀ ಬಿಳೀ ಕಲೆ. ಚಲಿಸಿದಾಗ ಮೈ ಜುಮ್ಮೆನ್ನುತ್ತದೆ. 2018ರಲ್ಲಿ ಜೋಡಿ ವಿಟ್ಟೇಕರ್ ಡಾಕ್ಟರಾಗಿ ಬಂದಾಗ ಅದೇ ಸುರುಳಿಯ ನೆನಪನ್ನು ಬಣ್ಣದಲ್ಲಿ ಮಾಡಿದರು.

ನೋಡುವಾಗ ಕಿವಿಯನ್ನೂ ತೆರೆದಿಡಿ. ರಾನ್ ಗ್ರೇನರ್ ಬರೆದ ಸಂಗೀತವನ್ನು ಬಿಬಿಸಿಯ ಸದ್ದು ತಯಾರಿಸುವ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ ಡೆಲಿಯಾ ಡರ್ಬಿಶೈರ್ ಕಟ್ಟಿದರು. ಸಿಂಥಸೈಜರ್ ಅಂಗಡಿಯಲ್ಲಿ ಸಿಗದ ಕಾಲ. ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪ್ ತುಂಡಿನಲ್ಲಿ ಹಿಡಿದು, ಅಳತೆ ಮಾಡಿ ಕತ್ತರಿಸಿ, ಅಂಟಿಸಿ ಮಾಡಿದ್ದು. ಆಕೆಯ ಹೆಸರು ಪರದೆಯ ಮೇಲೆ ಬಂದದ್ದು 2013ರ ಐವತ್ತನೇ ವರ್ಷದ ವಿಶೇಷದಲ್ಲಿ, ಆಕೆ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ. ಲೋಗೋ ಬಗ್ಗೆ ಗಲಾಟೆ ಮಾಡುವ ನಮ್ಮಲ್ಲಿ ಎಷ್ಟು ಜನ ಇದರ ಬಗ್ಗೆ ಗಲಾಟೆ ಮಾಡಿದ್ದೇವೆ ಹೇಳಿ. ಇರಲಿ, ನಾನು ಹೇಳಬೇಕಿದ್ದದ್ದು ಬೇರೆ. ವೇಷ ಎಷ್ಟೇ ಬದಲಾಗಲಿ, ಆ "ಡುಂ ಡುಡುಂ" ಅನ್ನುವ ತಳದ ತಾಳ ಸರಿಯಾಗಿದೆಯಾ ಅಂತ ಕೇಳಿ. ಅದು ಸರಿ ಇದ್ದರೆ ನಿಮ್ಮ ಸೀರಿಯಲ್ ಅಲ್ಲೇ ಇದೆ.

ಆಮೇಲೆ, ಬದಲಾದದ್ದನ್ನು ಬಿಡಿಸಿ ಬರೆಯಿರಿ. ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ನನಗೆ 2010ರಲ್ಲಿ ಆದದ್ದು ಇದೇ. ಆ ವರ್ಷ ಜನವರಿ 1ಕ್ಕೆ ಟೆನಂಟ್ ಹೋದರು, ಏಪ್ರಿಲ್ 3ಕ್ಕೆ ಮ್ಯಾಟ್ ಸ್ಮಿತ್ ಬಂದರು. ಅವರೊಬ್ಬರೇ ಬರಲಿಲ್ಲ. ಡಾಕ್ಟರ ಜೊತೆ ಓಡಾಡುವ ಹೊಸ ಸಂಗಾತಿ, ಹೊಸ ಮುಖ್ಯ ಬರಹಗಾರ, ಹೊಸ ಲೋಗೋ, ಹೊಸ ಶೀರ್ಷಿಕೆ, ಟಾರ್ಡಿಸ್ ಒಳಗೂ ಹೊಸದು, ಹೊರಗೂ ಹೊಸ ನೀಲಿ. ಬಾಡಿಗೆ ಮನೆಯವನು ಊರಿಗೆ ಹೋಗಿ ಬರುವಷ್ಟರಲ್ಲಿ ಓನರ್ರು ಬಾಗಿಲು, ಬಣ್ಣ, ನಲ್ಲಿ ಎಲ್ಲಾ ಬದಲಿಸಿ, ಪಕ್ಕದ ಮನೆಯವರನ್ನೂ ಬದಲಿಸಿಬಿಟ್ಟ ಹಾಗೆ. ನಾನು ಎಲ್ಲವನ್ನೂ ಒಟ್ಟಿಗೆ ಬೈದೆ. ತಿಂಗಳಾದ ಮೇಲೆ ಒಂದೊಂದೇ ಬರೆದು ನೋಡಿದರೆ, ಸ್ಮಿತ್ ಬಹಳ ಇಷ್ಟವಾಗಿದ್ದರು, ಗಾಜಿನ ನೆಲದ ಸೆಟ್ ಇಷ್ಟವಾಗಿತ್ತು, ಪೆಟ್ಟಿಗೆಯ ಬಾಗಿಲ ಮೇಲೆ ಸೇಂಟ್ ಜಾನ್ ಆಂಬುಲೆನ್ಸ್ ಚಿಹ್ನೆ ವಾಪಸ್ ಬಂದದ್ದೂ ಇಷ್ಟವಾಗಿತ್ತು. ಅದು 1963ರಲ್ಲೇ ಇದ್ದದ್ದು ಅಂತ ಆಮೇಲೆ ಗೊತ್ತಾಯಿತು. ನಿಜವಾಗಿ ಕೆಟ್ಟದು ಅನ್ನಿಸಿದ್ದು ಒಂದೇ ಒಂದು.

ಆ ಒಂದು ಯಾವುದು ಗೊತ್ತಲ್ಲ. ಡಾಕ್ಟರ ಹಳೇ ವೈರಿಗಳಾದ ಡಾಲೆಕ್‌ಗಳು, ಬಣ್ಣ ಬಳಿದುಕೊಂಡು ಬಂದವು.

ಹೌದು, ಕೆಟ್ಟದ್ದನ್ನು ಕೆಟ್ಟದ್ದು ಅನ್ನಲೇಬೇಕು, ತಾಳ್ಮೆ ಅಂದರೆ ಬಾಯಿ ಮುಚ್ಚಿಕೊಂಡಿರೋದಲ್ಲ. ಆದರೆ ಯಾಕೆ ಕೆಟ್ಟದ್ದು ಅಂತ ಬೆರಳಿಟ್ಟು ತೋರಿಸೋಕೆ ಬರಬೇಕು. ರೇಮಂಡ್ ಕ್ಯೂಸಿಕ್ 1963ರಲ್ಲಿ ಮಾಡಿದ ಡಾಲೆಕ್‌ಗೆ ಕೈಕಾಲಿಲ್ಲ, ಮುಖವಿಲ್ಲ, ಒಳಗೆ ಮನುಷ್ಯ ಕೂತಿದ್ದಾನೆ ಅನ್ನೋದೇ ತಿಳಿಯೋದಿಲ್ಲ, ನೆಲದ ಮೇಲೆ ಜಾರಿಕೊಂಡು ಬರುತ್ತದೆ. ಹೆದರಿಕೆ ಇರೋದು ಆ ಆಕಾರದಲ್ಲಿ. 2005ರ ಕಂಚಿನ ಬಣ್ಣದ್ದು ಅದನ್ನು ಉಳಿಸಿಕೊಂಡಿತ್ತು, ಯುದ್ಧದ ಟ್ಯಾಂಕಿನ ಹಾಗೆ ಬೋಲ್ಟು ಹೊಡೆದ ಮೈ. 2010ರದ್ದಕ್ಕೆ ಬೆನ್ನ ಮೇಲೆ ಗೂನು. ಗಾತ್ರ ಜಾಸ್ತಿ. ಕೆಂಪು, ನೀಲಿ, ಕಿತ್ತಳೆ, ಹಳದಿ, ಬಿಳಿ, ಐದು ಬಣ್ಣ. 1965 ಮತ್ತು 1966ರ ಎರಡು ಡಾಲೆಕ್ ಸಿನಿಮಾಗಳಲ್ಲಿ ಬಣ್ಣ ಬಣ್ಣದ ಡಾಲೆಕ್ ಇದ್ದವು, ನಿಜ, ಆದರೆ ಅವುಗಳ ಮೈಕಟ್ಟು ಸರಿಯಾಗಿತ್ತು. ಇವು ಐದೂ ಸಾಲಾಗಿ ನಿಂತರೆ ನನಗೆ ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಡಬ್ಬಿ ನೆನಪಾಯಿತು. 2012ರ ಹೊತ್ತಿಗೆ ಕಂಚಿನವೇ ಮುಂದಿನ ಸಾಲಿಗೆ ಬಂದವು, ಬಣ್ಣದವು ಮೆಲ್ಲಗೆ ಮೂಲೆ ಸೇರಿದವು. ನೋಡಿ, "ಹಾಳು ಮಾಡಿಬಿಟ್ರು" ಅನ್ನೋದಕ್ಕೂ "ಬೆನ್ನಿನ ಗೂನಿನಿಂದ ಆಕಾರ ಕೆಟ್ಟಿತು" ಅನ್ನೋದಕ್ಕೂ ಎಷ್ಟು ವ್ಯತ್ಯಾಸ. ಎರಡನೆಯದನ್ನು ಬರೆಯಿರಿ, ಜನ ವಾದಕ್ಕಾದರೂ ಬರುತ್ತಾರೆ.

ಕೋಟಿನ ವಿಷಯ ಬೇಗ ಮುಗಿಸುತ್ತೇನೆ. 1984ರಲ್ಲಿ ಆಗಿನ ಡಾಕ್ಟರು ಕಾಲಿನ್ ಬೇಕರ್‌ಗೆ ಹಾಕಿದ ಕೌದಿಯಂಥ ಬಣ್ಣಬಣ್ಣದ ಕೋಟಿಗಿಂತ ಕೆಟ್ಟದ್ದು ಇನ್ನು ಬರಲಾರದು. ಅದನ್ನು ತಡೆದುಕೊಂಡ ಸೀರಿಯಲ್ ಏನನ್ನಾದರೂ ತಡೆದುಕೊಳ್ಳುತ್ತದೆ.

ಬದಲಾವಣೆಯ ಹಿಂದೆ ಏನಾದರೂ ಕಾರಣ ಇದೆಯಾ ಅಂತಲೂ ಒಮ್ಮೆ ನೋಡಿ. 2023ರಲ್ಲಿ ಬಂದ ಸೆಟ್ ಮತ್ತೆ ಬಿಳೀ, ಮತ್ತೆ ದುಂಡನೆಯ ಗುಳಿಗಳು, ಆದರೆ ಮೈದಾನದಷ್ಟು ದೊಡ್ಡದು, ಉದ್ದಕ್ಕೂ ಇಳಿಜಾರು ದಾರಿಗಳು. "ಮಾಲ್ ಥರ ಇದೆ" ಅಂತ ನಾನೇ ಗೊಣಗಿದ್ದೆ. ಆ ಇಳಿಜಾರು ಇರುವುದು ಗಾಲಿಕುರ್ಚಿಯಲ್ಲಿ ಬರುವವರೂ ಒಳಗೆ ಓಡಾಡಲಿ ಅಂತ. ಅರವತ್ತು ವರ್ಷ ಇಡೀ ಬ್ರಹ್ಮಾಂಡ ಸುತ್ತಿದ ಪೆಟ್ಟಿಗೆಗೆ ಇದು ಈಗ ಹೊಳೆಯಿತಾ ಅಂತ ಬೇಕಾದರೆ ಬೈಯಬಹುದು. ಇಳಿಜಾರನ್ನು ಬೈಯೋಕಾಗಲ್ಲ.

ಕೊನೆಯದು, ಹೊಸಬರ ಎದುರು ಬಾಯಿ ಬಿಗಿ ಹಿಡಿಯಿರಿ. ನನ್ನ ಅಕ್ಕನ ಮಗಳು ಶುರು ಮಾಡಿದ್ದೇ ಈ ಬಿಳೀ ಕೋಣೆಯಿಂದ. ಅವಳಿಗೆ ಶೂಟಿ ಗಟ್ವಾನೇ ಡಾಕ್ಟರು, ಅವರು ಬೀಗ ತೆಗೆಯೋಕೆಲ್ಲ ಬಳಸುವ, ಟೀವಿ ರಿಮೋಟಿನಂಥ ಸಾನಿಕ್ ಸ್ಕ್ರೂಡ್ರೈವರೇ ಸ್ಕ್ರೂಡ್ರೈವರು. ಹೋದ ಹಬ್ಬಕ್ಕೆ ಬಂದಾಗ ಆಸೆಯಿಂದ ನನ್ನ 2005ರ ಹವಳದ ಟಾರ್ಡಿಸ್ ತೋರಿಸಿದೆ. ಎರಡು ನಿಮಿಷ ನೋಡಿದಳು. "ಮಾಮ, ಇಲ್ಲಿ ಕರೆಂಟ್ ಹೋಗಿದ್ಯಾ?" ಅಂದಳು.