ಮೇನ್‌ಫ್ರೇಮ್ ದುಬಾರಿ, ಸರ್ವರ್ ಅಗ್ಗ ಅಂತೀರಾ? ಐದು ವರ್ಷದ ಲೆಕ್ಕ ಹಾಕಿ ನೋಡಿ

ಮೊದಲು ಕೊಟೇಶನ್‌ಗಳನ್ನು ಪಕ್ಕಕ್ಕಿಡಿ. ಬರೀ ಪೆಟ್ಟಿಗೆಯ ಬೆಲೆ ನೋಡಿದರೆ ಮೇನ್‌ಫ್ರೇಮ್ (ಬ್ಯಾಂಕಿನಂಥ ಕಡೆ ಭಾರೀ ಕೆಲಸ ಹೊರುವ ದೊಡ್ಡ ಕಂಪ್ಯೂಟರ್) ಸೋಲುತ್ತದೆ, ಅದಕ್ಕೆ ಲೆಕ್ಕದ ಶೀಟ್ ಬೇಕಾಗಿಲ್ಲ. ಅದೇ ಕೆಲಸವನ್ನು ಐದು ವರ್ಷ ನಡೆಸಲು ಎಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ನೋಡಬೇಕು. ಮೂರೇ ವರ್ಷ ಹಿಡಿದರೆ ಸರ್ವರ್‌ಗಳ ಎರಡನೇ ಖರೀದಿ ಲೆಕ್ಕಕ್ಕೇ ಬರುವುದಿಲ್ಲ.

ಕೆಲಸವನ್ನು ಅಳೆಯಿರಿ. ಅತಿ ಹೆಚ್ಚು ಲೋಡ್ ಇರುವ ಗಂಟೆಯಲ್ಲಿ ಎಷ್ಟು ಟ್ರಾನ್ಸಾಕ್ಷನ್, ರಾತ್ರಿಯ ಬ್ಯಾಚ್ (ಒಟ್ಟಿಗೆ ಓಡಿಸುವ ಕೆಲಸಗಳು) ಎಷ್ಟು ಗಂಟೆಗೆ ಮುಗಿಯಲೇಬೇಕು, ಎಷ್ಟು ಹೊತ್ತು ನಿಂತರೆ ಸಹಿಸಬಹುದು. ಇಷ್ಟು ಸಾಕು.

ಈಗ ಸರ್ವರ್ ಎಣಿಸಿ. ಪ್ರೊಡಕ್ಷನ್‌ಗೆ, ಅಂದರೆ ದಿನನಿತ್ಯದ ಅಸಲಿ ಕೆಲಸಕ್ಕೆ, 40 ಬೇಕು ಅಂದುಕೊಳ್ಳಿ. ಡಿಆರ್‌ಗೆ (ಮುಖ್ಯ ಜಾಗ ಕೈಕೊಟ್ಟಾಗ ಕೆಲಸ ವಹಿಸಿಕೊಳ್ಳುವ ಬದಲಿ ವ್ಯವಸ್ಥೆ) ಇನ್ನೊಂದು 40, ಟೆಸ್ಟ್ ಮತ್ತು ಡೆವಲಪ್‌ಮೆಂಟ್‌ಗೆ 20, ಅಲ್ಲಿಗೆ 100 ಆಯಿತು. ನಾನು ಮೊದಲ ಸಲ ಇಂಥ ಶೀಟ್ ಮಾಡಿದಾಗ ಡಿಆರ್ ಸಾಲನ್ನೇ ಮರೆತು, ಮೀಟಿಂಗ್‌ನಲ್ಲಿ ಎಲ್ಲರೆದುರು ಮೊತ್ತ ತಿದ್ದಬೇಕಾಯಿತು. ಮೇನ್‌ಫ್ರೇಮ್‌ಗೂ ಡಿಆರ್ ಬೇಕು, ಆದರೆ ಅಲ್ಲಿ ಸುಮ್ನೆ ಕೂತಿರುವ ಪ್ರೊಸೆಸರ್‌ಗಳನ್ನು ಅಗತ್ಯ ಬಿದ್ದಾಗ ಮಾತ್ರ ಚಾಲೂ ಮಾಡುವ ಒಪ್ಪಂದ ಸಿಗುತ್ತದೆ.

ಕರೆಂಟ್: ಒಂದು ಸರ್ವರ್ ಸರಾಸರಿ 400 ವಾಟ್ ಎಳೆದರೆ ವರ್ಷದ 8,760 ಗಂಟೆಗೆ 3,504 ಯೂನಿಟ್. ನೂರಕ್ಕೆ 3,50,400. ಕೂಲಿಂಗ್ ಇತ್ಯಾದಿಗೆ ಒಂದೂವರೆ ಪಟ್ಟು ಮಾಡಿ, 5,25,600.

ನಿಜವಾದ ದುಡ್ಡು ಹೋಗುವುದು ಸಾಫ್ಟ್‌ವೇರ್‌ಗೆ. ಡೇಟಾಬೇಸ್ ಲೈಸೆನ್ಸ್ ಸಾಮಾನ್ಯವಾಗಿ ಕೋರ್ (ಪ್ರೊಸೆಸರ್ ಒಳಗಿನ ಒಂದೊಂದು ಲೆಕ್ಕ ಮಾಡುವ ಘಟಕ) ಲೆಕ್ಕದಲ್ಲಿ ಇರುತ್ತದೆ. ಸರ್ವರ್‌ಗೆ 32 ಕೋರ್ ಇದ್ದು ಅದು ಶೇ. 15 ಮಾತ್ರ ದುಡಿಯುತ್ತಿದ್ದರೂ ದುಡ್ಡು ಪೂರ್ತಿ 32ಕ್ಕೇ ಕೊಡುತ್ತೀರಿ ಅಲ್ವಾ? ಮೇನ್‌ಫ್ರೇಮ್‌ನಲ್ಲಿ ಕತೆಯೇ ಬೇರೆ. ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್‌ನ ಹಳೆಯ ಮಾಸಿಕ ಲೈಸೆನ್ಸ್ ಪದ್ಧತಿಯಲ್ಲಿ ನಾಲ್ಕು ಗಂಟೆಗಳ ಚಲಿಸುವ ಸರಾಸರಿ (ಆಯಾ ಹೊತ್ತಿಗೆ ಹಿಂದಿನ ನಾಲ್ಕು ಗಂಟೆಯ ಬಳಕೆಯದ್ದು) ತೆಗೆಯುತ್ತಾರೆ, ತಿಂಗಳಲ್ಲಿ ಅದು ಅತಿ ಹೆಚ್ಚು ಎಲ್ಲಿಗೆ ಏರಿತ್ತೋ ಆ ಎಂಎಸ್‌ಯು (ಮೇನ್‌ಫ್ರೇಮ್ ಬಳಕೆಯನ್ನು ಅಳೆಯುವ ಮಾನ) ಮೇಲೆ ಬಿಲ್. ಅಂದರೆ ಒಂದೇ ಒಂದು ಬೆಳಗ್ಗೆ ಯಾರೋ ದೊಡ್ಡ ರಿಪೋರ್ಟ್ ಓಡಿಸಿ ಸರಾಸರಿ 840ರಿಂದ 900ಕ್ಕೆ ಹೋದರೂ ಇಡೀ ತಿಂಗಳ ಬಿಲ್ 900ಕ್ಕೆ! ಆ ರಿಪೋರ್ಟನ್ನು ಖಾಲಿ ಹೊತ್ತಿಗೆ ತಳ್ಳಿದರೆ ಬಿಲ್ 840ಕ್ಕೇ ನಿಲ್ಲುತ್ತದೆ, ಪೈಸೆ ಖರ್ಚಿಲ್ಲ. ಇಂಥದ್ದನ್ನೆಲ್ಲ ಮುಗಿಸಿ ಆಮೇಲೆ ಹೋಲಿಸಿ. ಮೇನ್‌ಫ್ರೇಮ್‌ನಲ್ಲಿ ಕೆಲವು ಬಗೆಯ ಕೆಲಸಕ್ಕೇ ಮೀಸಲಾದ ಪ್ರೊಸೆಸರ್‌ಗಳಿರುತ್ತವೆ: ಜಾವಾ ಕೆಲಸ ಝಿಪ್ ಪ್ರೊಸೆಸರ್‌ಗೆ ಹೋದರೆ, ಲಿನಕ್ಸ್ ಐಎಫ್‌ಎಲ್ ಪ್ರೊಸೆಸರ್‌ನಲ್ಲಿ ಓಡಿದರೆ ಈ ಎಣಿಕೆಗೆ ಸೇರುವುದಿಲ್ಲ. 2019ರಲ್ಲಿ ಐಬಿಎಂ ಬಳಕೆ ಆಧಾರಿತ ಬೇರೆ ದರ ಪದ್ಧತಿಯನ್ನೂ ತಂದಿದೆ, ಹಾಗಾಗಿ ನಿಮ್ಮ ಒಪ್ಪಂದ ಯಾವುದು ಎಂದು ಮೊದಲು ನೋಡಿಕೊಳ್ಳಿ.

ಮೇನ್‌ಫ್ರೇಮ್‌ನಿಂದ ಸರ್ವರ್‌ಗೆ ಸ್ಥಳಾಂತರದ ಖರ್ಚಿನ ಸಾಲನ್ನು ಶೀಟ್‌ನಲ್ಲಿ ಧಾರಾಳವಾಗಿ ಬರೆಯಿರಿ. ಕೋಬಾಲ್ (ಮೇನ್‌ಫ್ರೇಮ್‌ನ ಹಳೆಯ ಪ್ರೋಗ್ರಾಮಿಂಗ್ ಭಾಷೆ) ಕೋಡ್ ಬದಲಿಸುವುದಕ್ಕಿಂತ ಅದು ಹಿಂದಿನ ಹಾಗೆಯೇ ಉತ್ತರ ಕೊಡುತ್ತಿದೆಯೇ ಎಂದು ಪರೀಕ್ಷಿಸುವುದೇ ದೊಡ್ಡ ಕೆಲಸ. ಎರಡೂ ಒಟ್ಟಿಗೆ ಓಡುವಷ್ಟು ಕಾಲ ಎರಡೂ ಬಿಲ್ ಕಟ್ಟಬೇಕು. ಇನ್ನೊಂದು ಚಾಲಾಕಿ ಇದೆ: ಮಾಸಿಕ ದರದಲ್ಲಿ ಮೊದಲ ಎಂಎಸ್‌ಯುಗಳು ದುಬಾರಿ, ಮೇಲೆ ಹೋದಂತೆ ಅಗ್ಗ. ಅರ್ಧ ಕೆಲಸ ಹೊರಗೆ ಕಳಿಸಿದರೆ ಅಗ್ಗದ ಅರ್ಧ ಹೋಗಿ ದುಬಾರಿ ಅರ್ಧ ನಿಮ್ಮ ತಲೆಮೇಲೇ ಉಳಿಯುತ್ತದೆ. ಅರ್ಧಂಬರ್ಧ ಸ್ಥಳಾಂತರ ಕೈ ಸುಡುವುದು ಇಲ್ಲೇ.

ಜನರ ಸಂಬಳ ಮರೆಯಬೇಡಿ. ಮೇನ್‌ಫ್ರೇಮ್‌ಗೆ ಜನ ಕಡಿಮೆ ಸಾಕು, ಆದರೆ ಸಿಗುವುದು ಕಷ್ಟ. ಲಿನಕ್ಸ್ ಬಲ್ಲವರು ಸುಲಭವಾಗಿ ಸಿಗುತ್ತಾರೆ, ನೂರು ಸರ್ವರ್‌ಗೆ ಜಾಸ್ತಿ ಬೇಕು.

ಹೊಸದಾಗಿ ಶುರು ಮಾಡುವ ಆಪ್ ಆಗಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ, ಸರ್ವರ್ ತೆಗೆದುಕೊಳ್ಳಿ. ಹಳೆಯದಾದರೆ ಶೀಟ್ ಮುಗಿದ ಮೇಲೆ ಸರ್ವರ್ ಬಳಕೆಯ ಶೇ. 15ನ್ನು 50 ಮಾಡಿ, ಬೇಕಾಗುವ ಸರ್ವರ್‌ಗಳ ಸಂಖ್ಯೆ ಇಳಿಸಿ ನೋಡಿ. ಉತ್ತರ ತಲೆಕೆಳಗಾದರೆ ಏನನ್ನೂ ಖರೀದಿಸಬೇಡಿ, ಇರುವ ಸರ್ವರ್‌ಗಳನ್ನೇ ವರ್ಚುವಲೈಸ್ ಮಾಡಿ (ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್‌ಗಳ ಕೆಲಸ ಓಡಿಸಿ), ಮೂರು ತಿಂಗಳು ಅಳೆದು ಮತ್ತೆ ಶೀಟ್ ತೆರೆಯಿರಿ.